ರಂಗನಾಯಕಿಯ ಮೂರು ದಿನ

ಸೇಲಂ ಗುಗೈಯ ನೇಕಾರರ ಕೇರಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೆಣಕ್ಕೆ ನೀರು ಕಾಯಿಸುವ ಮೊದಲು ರಂಗನಾಯಕಿಗೆ ಹೇಳಿಕಳಿಸುತ್ತಿದ್ದರು. ಅವಳೇನು ಹಾಡಿ ಅಳುವವಳಲ್ಲ, ಎದೆ ಬಡಿದುಕೊಳ್ಳುವುದೂ ಅವಳಿಗೆ ಬರುತ್ತಿರಲಿಲ್ಲ. ಗೋಳಾಡುವವರ ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು, ಅವರು ಹೇಳಿದ್ದಕ್ಕೆಲ್ಲ "ಹೂಂ" ಅನ್ನುತ್ತಿದ್ದಳು, ಅಷ್ಟೇ. ಆ ಹೂಂಗೆ ಅದೇನು ಗುಣವಿತ್ತೋ, ಎಂಥ ಗೋಳಾಟವೂ ಸ್ವಲ್ಪ ಹೊತ್ತಿಗೆ ತಗ್ಗುತ್ತಿತ್ತು. "ರಂಗನಾಯ್ಕಿ ಬಂದ್ಲಾ? ಅಪ್ಪಾಡಾ!" ಅಂತ ಗಂಡಸರು ಹೊರಗೆ ಹೋಗಿ ಬೀಡಿ ಹಚ್ಚುತ್ತಿದ್ದರು. ಇಂಥ ಗುಣವಿದ್ದವರನ್ನು ಲೋಕ ಸುಮ್ಮನೆ ಬಿಡುತ್ತದೆಯೇ? ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು. ಗಂಡನ ಮೇಲೆ ಮುನಿದವರು, ಸೊಸೆಯ ಕಾಟ ತಡೆಯದವರು, ಬಸುರು ನಿಲ್ಲದವರು, ಎಲ್ಲರೂ ಅವಳ ಮನೆಯ ಜಗಲಿಗೇ ಬರುತ್ತಿದ್ದರು.

ಅವಳ ತವರು ಎಡಪ್ಪಾಡಿ. ಹದಿನಾಲ್ಕಕ್ಕೆ ಚಿನ್ನರಾಜನ ಕೈ ಹಿಡಿದು ಗುಗೈಗೆ ಬಂದವಳು. ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತು, ಸಾಕಿ, ಮದುವೆ ಮಾಡಿ ಕಳಿಸಿದ್ದಳು. ಮನೆಯಲ್ಲಿ ಗಂಡ, ಗಂಡನ ಮಗ್ಗ, ಎಪ್ಪತ್ತು ದಾಟಿದ ಅತ್ತೆ ಪಳನಿಯಮ್ಮ. ಬೆಳಗಾದರೆ ಅಡುಗೆ, ಆಮೇಲೆ ರಾಟೆಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತಿಕೊಡುವ ಕೆಲಸ. ಮೈಗೆ ದಣಿವಾಗುತ್ತಿತ್ತು, ಆದರೆ ಅದು ಉಂಡು ಮಲಗಿದರೆ ಹೋಗುವ ದಣಿವು. ಅದರ ಬಗ್ಗೆ ಅವಳಿಗೆ ದೂರಿರಲಿಲ್ಲ.

ತಿಂಗಳಿಗೆ ಮೂರು ದಿನ ಮಾತ್ರ ಈ ಮನೆಗೂ ಅವಳಿಗೂ ಸಂಬಂಧವಿರಲಿಲ್ಲ. ಮುಟ್ಟಾದ ಹೆಂಗಸು ಒಲೆ ಮುಟ್ಟಬಾರದು, ಮಗ್ಗ ಮುಟ್ಟಬಾರದು, ಒಳಗೆ ಕಾಲಿಡಬಾರದು. ಹಿತ್ತಿಲಲ್ಲಿ ತೆಂಗಿನ ಗರಿ ಹೊದಿಸಿದ ಮಾಡಿನ ಕೆಳಗೆ ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಊಟವನ್ನು ದೂರದಿಂದ ತಳ್ಳುತ್ತಿದ್ದರು. ಯಾರೂ ಹತ್ತಿರ ಬರುತ್ತಿರಲಿಲ್ಲ. ಹೊಸದಾಗಿ ಬಂದ ಹುಡುಗಿಯಾಗಿ ಅವಳು ಅಲ್ಲಿ ಕೂತು ಅವಮಾನದಿಂದ ಅತ್ತಿದ್ದುಂಟು. ಮೂವತ್ತು ದಾಟಿದ ಮೇಲೆ ಮಾತ್ರ ಆ ಚಾಪೆ ಕಂಡರೆ ಅವಳಿಗೆ ಜೀವ ಬರುತ್ತಿತ್ತು. ಮುಟ್ಟಾದವಳ ಮುಂದೆ ಯಾರು ಬಂದು ಗೋಳು ಹೇಳಿಕೊಳ್ಳುತ್ತಾರೆ? ಸತ್ತ ಮನೆಯವರೂ ಕರೆಯುತ್ತಿರಲಿಲ್ಲ. ಶೇರ್ವರಾಯನ ಬೆಟ್ಟದ ಕಡೆ ಮುಖ ಮಾಡಿ ಕೂತರೆ ಸಂಜೆಯವರೆಗೂ ಒಂದು "ಹೂಂ" ಕೂಡ ಅನ್ನಬೇಕಾಗಿರಲಿಲ್ಲ.

ಐವತ್ತೈದನೇ ಇಸವಿಯಲ್ಲಿ ಚಿನ್ನರಾಜನ ತಂಗಿ ವಳ್ಳಿಯಮ್ಮ ಹರೂರಿನಿಂದ ಒಂದು ಟ್ರಂಕು ಹಿಡಿದು ತವರಿಗೆ ಬಂದಳು. ಹದಿನಾರು ವರ್ಷದ ಒಬ್ಬಳೇ ಮಗಳು ಜ್ವರದಲ್ಲಿ ಹೋಗಿದ್ದಳು. ಆರು ತಿಂಗಳಿಗೆ ಗಂಡನೂ ಹೋದ. ಬಸ್ಸಿಳಿದು ಬಂದವಳೇ ಅತ್ತಿಗೆಯ ಮಡಿಲಲ್ಲಿ ತಲೆಯಿಟ್ಟಳು.

"ನೀರು ಕೇಳ್ತು ಅತ್ಗೆ, ಕೂಸು ನೀರು ಕೇಳ್ತು. ಜ್ವರಕ್ಕೆ ನೀರು ಕೊಡಬ್ಯಾಡ ಅಂತ ಯಾರೋ ಅಂದ್ರು. ನಾನು ಕೊಡ್ಲಿಲ್ಲ."

"ಹೂಂ."

"ಚೊಂಬು ಪಕ್ಕದಾಗೇ ಇತ್ತು ಅತ್ಗೆ."

"ಹೂಂ, ವಳ್ಳಿ. ಹೂಂ."

ಆ ಹುಡುಗಿಯನ್ನು ರಂಗನಾಯಕಿಯೂ ಎತ್ತಿ ಆಡಿಸಿದ್ದಳು. ಮೊದಮೊದಲು ಇಬ್ಬರೂ ಕೂಡಿ ಅತ್ತರು. ಆದರೆ ಕಥೆ ಮುಗಿಯಲಿಲ್ಲ. ದಿನಾ ದೀಪ ಹಚ್ಚುವ ಹೊತ್ತಿಗೆ ವಳ್ಳಿಯಮ್ಮ ಬಂದು ಮಡಿಲಲ್ಲಿ ತಲೆಯಿಟ್ಟು ಜ್ವರ ಬಂದ ಮೊದಲ ದಿನದಿಂದ ಶುರುಮಾಡುತ್ತಿದ್ದಳು. ಒಂದು ಹೂಂ ತಪ್ಪಿದರೆ "ಕೇಳ್ತಾ ಇದ್ದೀಯಾ ಅತ್ಗೆ?" ಅಂತ ತಲೆಯೆತ್ತಿ ಮತ್ತೆ ಮೊದಲಿನಿಂದ ಹೇಳುತ್ತಿದ್ದಳು. ಏಳನೇ ತಿಂಗಳೋ ಎಂಟನೇ ತಿಂಗಳೋ, ಒಂದು ಸಂಜೆ "ನೀರು ಕೇಳ್ತು" ಎಂಬ ಮಾತು ಬಂದಾಗ ರಂಗನಾಯಕಿಗೆ ಆ ಬಾಯಿಯನ್ನು ಕೈಯಿಂದ ಮುಚ್ಚಿಬಿಡಬೇಕು ಅನ್ನಿಸಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಯ್ಯೋ ನನ್ನ ಎದೆ ಕಲ್ಲಾಗೋಯ್ತಾ, ತಾಯಿ ಚೌಡಮ್ಮ, ಅಂದುಕೊಂಡಳು. ಬಾಯಿ ಮಾತ್ರ ಹೂಂ ಅಂದಿತು.

ಸರಿಯಾಗಿ ಆ ಕಾಲಕ್ಕೇ ಅವಳ ಮುಟ್ಟು ನಿಂತಿತು. ನಲವತ್ತಾರು ವಯಸ್ಸು, ನಿಲ್ಲುವ ಕಾಲವೇ. ಬೇರೆ ಹೆಂಗಸರಾದರೆ ಪೀಡೆ ಕಳೆಯಿತು ಅಂತ ಕೈ ಮುಗಿಯುತ್ತಿದ್ದರು. ಇವಳು ಒಂದು ತಿಂಗಳು ಕಾದಳು, ಎರಡು ತಿಂಗಳು ಕಾದಳು. ಮೂರನೇ ತಿಂಗಳು ಒಂದು ಬೆಳಿಗ್ಗೆ, ಹಿಂದಿನ ಸಂಜೆಯ ಹೂಂಗಳು ಇನ್ನೂ ಗಂಟಲಲ್ಲೇ ಇರುವಾಗ, ಒಲೆಯ ಮುಂದಿನಿಂದ ಎದ್ದು ಹಿತ್ತಿಲಿಗೆ ನಡೆದಳು. "ಅತ್ತೇ, ನಾನು ಒರಗಾಗಿವ್ನಿ" ಅಂತ ಬಾಗಿಲಾಚೆಯಿಂದ ಕೂಗಿ ಚಾಪೆ ಹಾಸಿಕೊಂಡಳು.

ಸುಳ್ಳು ಅಂದರೆ ಸುಳ್ಳು, ಮುಚ್ಚುಮರೆ ಬೇಡ. ಮುಟ್ಟಾಗಿ ಮುಟ್ಟಿಲ್ಲ ಅಂದವರ ಪಾಪಕ್ಕೆ ಪ್ರಾಯಶ್ಚಿತ್ತವಿದೆ. ಮುಟ್ಟಾಗದೆ ಮುಟ್ಟಾದೆ ಅಂದವಳಿಗೆ ಏನಿದೆ, ಯಾವ ಪೂಜಾರಿಯನ್ನು ಕೇಳುವುದು? ನಾಲ್ಕನೇ ದಿನ ಬಾವಿಯ ಹತ್ತಿರ ಕೂತು, ಒಂದು ಕಲೆಯೂ ಇಲ್ಲದ ಹಳೆ ಬಟ್ಟೆಗಳನ್ನು ಅವಳು ಉಜ್ಜಿ ಉಜ್ಜಿ ಒಗೆದಳು. ಅತ್ತೆ ನೋಡುತ್ತಿದ್ದಾಳೆಂದು ಇನ್ನೊಂದು ಸಲ ಒಗೆದಳು. ಹೀಗೆ ಒಂದು ವರ್ಷ ಸಾಗಿತು.

ಆಸೆಯೇ ಅವಳನ್ನು ಕೆಡಿಸಿತು. ಹುಡುಗಿಯ ತಿಥಿ ಮತ್ತೆ ಹತ್ತಿರ ಬಂದಾಗ ವಳ್ಳಿಯಮ್ಮನ ಅಳು ಬೆಳಿಗ್ಗೆಯೂ ಶುರುವಾಯಿತು. ರಂಗನಾಯಕಿ ಹದಿನೈದೇ ದಿನಕ್ಕೆ ಮತ್ತೆ ಹೊರಗೆ ಕೂತಳು. ಮುಂದಿನ ತಿಂಗಳೂ ಎರಡು ಸಲ, ಅದರ ಮುಂದಿನ ತಿಂಗಳೂ ಎರಡು ಸಲ. ಪಳನಿಯಮ್ಮ ಬೆರಳು ಮಡಚಿ ಲೆಕ್ಕ ಹಾಕಿ ಬೆವತುಹೋದಳು.

"ಲೇ ಚಿನ್ನರಾಜಾ, ಈ ವಯಸ್ಸಿಗೆ ಇದು ನಿಲ್ಲಬೇಕು, ಜಾಸ್ತಿ ಆಗ್ತೈತಲ್ಲೋ! ಗರ್ಭದಾಗೆ ಏನೋ ಐತೆ ಕಣೋ. ನಮ್ಮ ಚಿಕ್ಕಮ್ಮ ಇಂಗೇ ಓದ್ಲು."

ಅಂದಿನಿಂದ ಮುದುಕಿ ಸೊಸೆಯ ಜೀವಕ್ಕಾಗಿ ಚೌಡಮ್ಮನಿಗೆ ಹರಕೆ ಹೊತ್ತು ಮಂಗಳವಾರ ಮಂಗಳವಾರ ಉಪವಾಸ ಹಿಡಿದಳು. ಚಿನ್ನರಾಜ ಮಾತು ಕಡಿಮೆಯವನು. ಪೇಟೆಯಿಂದ ಬರುವಾಗ ಖರ್ಜೂರ ತಂದು ಹಿತ್ತಿಲ ಬಾಗಿಲಲ್ಲಿಟ್ಟು ಹೋಗುತ್ತಿದ್ದ. ರಂಗನಾಯಕಿ ಅದನ್ನು ತಿನ್ನಲಾರದೆ ಸೆರಗಿನಲ್ಲಿ ಕಟ್ಟಿಡುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಹೇಳಿಬಿಡೋಣವೆಂದು ಬಾಯಿ ತೆರೆದರೆ, ಹೇಳಿದ ಮರುಗಳಿಗೆಯೇ ಆ ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕುತ್ತಾರೆ ಎಂಬುದು ಕಣ್ಣಿಗೆ ಕಟ್ಟುತ್ತಿತ್ತು. ಮುಟ್ಟು ನಿಂತ ಹೆಂಗಸಿಗೆ ಸಾಯುವವರೆಗೂ ಹಿತ್ತಿಲಿಲ್ಲ. ಬಾಯಿ ಮುಚ್ಚಿಕೊಂಡಳು.

ಏಳನೇ ಮಂಗಳವಾರದ ಹಿಂದಿನ ದಿನ ಅವಳು ಮತ್ತೆ ಹೊರಗೆ ಕೂತಳು. ಚಿನ್ನರಾಜ ಬಾಗಿಲಲ್ಲಿ ನಿಂತು, ಅವಳ ಕಡೆ ನೋಡದೆ ಹೇಳಿದ:

"ನೀನು ತಲೆಗೆ ನೀರಾಕ್ಕೊಂಡ ದಿನಾನೇ ಆಸ್ಪತ್ರಿಗೆ ಓಗಾಣ. ಲೇಡಿ ಡಾಕ್ಟ್ರಿಗೆ ಏಳಿವ್ನಿ."

ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಡಾಕ್ಟರು ನೋಡಿದರೆ ಸುಳ್ಳು ಊರಿಗೇ ಗೊತ್ತಾಗುತ್ತದೆ. ಹೋಗುವುದಿಲ್ಲ ಅಂದರೆ ಅತ್ತೆಯ ಉಪವಾಸ ನಿಲ್ಲುವುದಿಲ್ಲ. ಒಳಗೆ ಹೋದರೆ ವಳ್ಳಿಯಮ್ಮ. ಯಾವ ಕಡೆ ತಿರುಗಿದರೂ ಗೋಡೆಯೇ.

ಬೆಳಿಗ್ಗೆ ಆ ಹಿತ್ತಿಲನ್ನು ಕಾಯುತ್ತಿದ್ದ ಒಂದೇ ಕಟ್ಟುಪಾಡೂ ಮುರಿಯಿತು. ಆಸ್ಪತ್ರೆಯ ಸುದ್ದಿ ಕೇಳಿದ ವಳ್ಳಿಯಮ್ಮ ಓಡಿ ಬಂದಳು. ಮೈಲಿಗೆ ಗೀಲಿಗೆ ಒಂದನ್ನೂ ನೋಡದೆ ಚಾಪೆಯ ಮೇಲೇ ಕೂತು ಅತ್ತಿಗೆಯ ಮಡಿಲಿಗೆ ತಲೆ ಹಾಕಿದಳು.

"ನೀನೂ ಬಿಟ್ಟೋಗ್ತೀಯಾ ಅತ್ಗೆ? ಕೂಸು ಓದಂಗೆ ನೀನೂ ಓಗ್ತೀಯಾ? ಅವತ್ತು ಜ್ವರ ಬಂದಾಗ್ಲೂ ಇಂಗೇ ಆಸ್ಪತ್ರೀಗೆ ಅಂತ..."

ಒಳಗಿನಿಂದ ಪಳನಿಯಮ್ಮ ಹೌಹಾರಿದಳು. "ಅಯ್ಯಯ್ಯೋ, ವಳ್ಳೀ! ಅವ್ಳನ್ನ ಮುಟ್ಟಿದ್ಯಲ್ಲೇ! ಏಳೇ ಮ್ಯಾಕೆ!"

ವಳ್ಳಿಯಮ್ಮ ಏಳಲಿಲ್ಲ. ಕಥೆ ಜ್ವರದ ಎರಡನೇ ದಿನಕ್ಕೆ ಬಂದಿತ್ತು. "ಕೇಳ್ತಾ ಇದ್ದೀಯಾ ಅತ್ಗೆ?"

"ಇಲ್ಲ" ಅಂದಳು ರಂಗನಾಯಕಿ.

ಆ ಮಾತು ತನ್ನ ಬಾಯಿಂದಲೇ ಬಂತೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಎರಡೂ ಕೈಯಲ್ಲಿ ನಾದಿನಿಯ ತಲೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಮೆಲ್ಲಗೇ ಇಟ್ಟಳು, ಆದರೆ ಇಟ್ಟಳು.

"ಕೇಳ್ತಾ ಇಲ್ಲ ವಳ್ಳಿ. ನನ್ ಕೈಲಿ ಆಗ್ತಾ ಇಲ್ಲ. ಕೂಸಂದ್ರೆ ನಂಗೂ ಉಸಿರೇ, ಆದ್ರೆ ಇನ್ನೊಂದ್ ಸಲ ಕೇಳಕ್ಕೆ ನನ್ನಾಗೆ ಏನೂ ಉಳಿದಿಲ್ಲ." ಆಮೇಲೆ ಬಾಗಿಲ ಕಡೆ ತಿರುಗಿದಳು. "ಅತ್ತೇ, ಅವ್ಳಿಗೆ ಮೈಲಿಗೆ ಆಗಿಲ್ಲ. ನಾನು ಮುಟ್ಟಾಗಿಲ್ಲ. ನಿಂತು ವರ್ಷದ ಮ್ಯಾಲಾಯ್ತು. ಕಾಯಿಲೇನೂ ಇಲ್ಲ, ಏನೂ ಇಲ್ಲ. ಇಷ್ಟು ದಿನ ಏಳಿದ್ದೆಲ್ಲ ಸುಳ್ಳು."

ಮಗ್ಗದ ಸದ್ದು ನಿಂತಿತು. ವಳ್ಳಿಯಮ್ಮ ಚಾಪೆಯಿಂದ ಸರಿದು ಕೂತಳು. ಪಳನಿಯಮ್ಮನ ಮುಖಕ್ಕೆ ಮೊದಲು ಬಂದದ್ದು ನೆಮ್ಮದಿ, ಅದನ್ನು ರಂಗನಾಯಕಿ ಕಣ್ಣಾರೆ ಕಂಡಳು. ಅದರ ಹಿಂದೆಯೇ ಸಿಟ್ಟು ಬಂತು.

"ಅಡಿ ಪಾವಿ! ಇವತ್ತಿಗೆ ಏಳು ಮಂಗಳವಾರ! ಏಳು ಮಂಗಳವಾರ ಒಟ್ಟೆ ಕಟ್ಕೊಂಡು ಬಿದ್ದಿದ್ದೀನಲ್ಲೇ ನಿನಗೋಸ್ಕರ!"

"ತಪ್ಪಾಯ್ತು ಅತ್ತೆ. ಅದೊಂದಕ್ಕೆ ನಿಮ್ ಕಾಲಿಗೆ ಬೀಳ್ತೀನಿ. ಇವತ್ತು ಊಟ ಮಾಡಿ."

"ಊಟಾನಂತೆ! ಏಳು ಮ್ಯಾಕೆ. ಒಲೆ ಅಚ್ಚಿಲ್ಲ, ನೂಲು ಸುತ್ತಿಲ್ಲ. ಒಳಕ್ಕೆ ಬಾ."

"ಬರಲ್ಲ."

ಪಳನಿಯಮ್ಮನಿಗೆ ಅರ್ಥವಾಗಲಿಲ್ಲ. ನಿಜವಾಗಿಯೂ ಅರ್ಥವಾಗಲಿಲ್ಲ, ಪಾಪ. ಎಪ್ಪತ್ತು ವರ್ಷದಲ್ಲಿ ಯಾವ ಹೆಂಗಸೂ ಹೀಗೆ ಹೇಳಿದ್ದನ್ನು ಅವಳು ಕೇಳಿರಲಿಲ್ಲ. ಹೊಸ್ತಿಲು ಹಿಡಿದುಕೊಂಡು, ಸಿಟ್ಟು ಬಿಟ್ಟು, ಕೇಳಿದಳು:

"ಮುಟ್ಟಿಲ್ಲ ಅಂತೀಯ, ಕಾಯಿಲೆ ಇಲ್ಲ ಅಂತೀಯ. ಮತ್ಯಾಕೆ ಬರಲ್ಲ?"

"ಸುಸ್ತಾಗೈತೆ."

"ಸುಸ್ತಿಗೆ ಯಾರಾದ್ರೂ ಮೂರು ದಿನ ಒರಗೆ ಕೂರ್ತಾರೇನೇ?"

"ನಾನು ಕೂತಿವ್ನಲ್ಲ" ಅಂದಳು ರಂಗನಾಯಕಿ.

ಈಗ ಅವಳನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು. ರಟ್ಟೆ ಹಿಡಿದು ಎಬ್ಬಿಸಬಹುದಿತ್ತು, ದರದರ ಎಳೆದುಕೊಂಡು ಹೋಗಬಹುದಿತ್ತು. ಅಡ್ಡ ಬರಲು ಯಾವ ಶಾಸ್ತ್ರವೂ ಇರಲಿಲ್ಲ. ಅವಳು ಕಾದಳು. ಯಾರೂ ಕೈ ಹಾಕಲಿಲ್ಲ. ಅವಳು ಚಾಪೆಯನ್ನು ನೆರಳಿಗೆ ಎಳೆದುಕೊಂಡು, ಸೆರಗನ್ನು ಮಡಚಿ ತಲೆಗಿಟ್ಟುಕೊಂಡು ಮಲಗಿದಳು. ನಾಲ್ಕನೇ ದಿನ ಎದ್ದು ಒಳಗೆ ಹೋಗಲೇಬೇಕು, ಹೋಗುವುದಕ್ಕೆ ಬೇರೆ ಜಾಗವಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಇವತ್ತು ಎರಡನೇ ದಿನ.