ಸಂತೆಯಲ್ಲಿ ತೆಗೆದ ದೃಷ್ಟಿ

ಒಂದು ಶನಿವಾರ ಬೆಳಿಗ್ಗೆ ನೈರೋಬಿಯ ಸಂತೆಯೊಂದರಲ್ಲಿ ನನ್ನ ಅತ್ತೆಯನ್ನು ಮಕ್ಕಳ ಕಳ್ಳಿ ಎಂದು ಹಿಡಿದರು. ಅತ್ತೆಗೆ ಎಪ್ಪತ್ತು ದಾಟಿದೆ. ಮಂಡಿನೋವು, ಹತ್ತಿ ಸೀರೆಯ ಮೇಲೊಂದು ಸ್ವೆಟರ್. ತನ್ನ ಕನ್ನಡಕವನ್ನೇ ದಿನವಿಡೀ ಹುಡುಕುತ್ತಿರುವ ಹೆಂಗಸು ಕಂಡವರ ಮಗುವನ್ನು ಕದ್ದು ಎಲ್ಲಿಡುತ್ತಾರೆ ಎಂದು ಈಗ ತಮಾಷೆ ಮಾಡಬಹುದು. ಆವತ್ತು ಅದು ತಮಾಷೆಯಾಗಿರಲಿಲ್ಲ.

ನಾವು ಮೈಸೂರು ಬಿಟ್ಟು ಇಲ್ಲಿಗೆ ಬಂದು ಕೆಲವು ವರ್ಷಗಳಾದವು. ನನ್ನ ಗಂಡ ಶ್ರೀಧರ ಇಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್. ಕಿಲೆಲೆಶ್ವಾ ಬಡಾವಣೆಯಲ್ಲಿ ಬಾಡಿಗೆ ಫ್ಲಾಟು. ಗೇಟಿನಲ್ಲಿ ಅಸ್ಕಾರಿ, ಅಂದರೆ ಕಾವಲಿನವನು. ಕಾಂಪೌಂಡಿನ ಮೇಲೆ ಕರೆಂಟಿನ ತಂತಿ. ಮರದ ಬಾಗಿಲಿನ ಹಿಂದೆ ಇನ್ನೊಂದು ಕಬ್ಬಿಣದ ಬಾಗಿಲು. ಕಾರಿನ ಗಾಜು ಇಳಿಸಬಾರದು, ರಸ್ತೆಯಲ್ಲಿ ಫೋನು ಕೈಯಲ್ಲಿ ಹಿಡಿಯಬಾರದು, ಕತ್ತಿನಲ್ಲಿ ಚಿನ್ನ ಕಾಣಬಾರದು ಎಂದು ಬಂದ ಹೊಸದರಲ್ಲೇ ಎಲ್ಲರೂ ಹೇಳಿಕೊಟ್ಟರು. ಹೇಳಿದ ಹಾಗೆ ನಡೆದುಕೊಂಡಿದ್ದೇವೆ. ನಮಗೆ ಇದುವರೆಗೆ ಏನೂ ಆಗಿಲ್ಲ. ಆದರೂ ಏನೂ ಆಗದಂತೆ ನೋಡಿಕೊಳ್ಳುವುದೇ ಒಂದು ಕೆಲಸವಾಗಿ, ಆ ಕೆಲಸಕ್ಕೆ ರಜೆಯೇ ಇಲ್ಲದೆ, ನನಗೆ ಸುಸ್ತಾಗಿದೆ. ಊರಿನಿಂದ ಫೋನ್ ಮಾಡಿದವರು ಅಲ್ಲಿ ಸೇಫಾ ಎಂದು ಕೇಳಿದರೆ, ಹವೆ ತುಂಬಾ ಚೆನ್ನಾಗಿದೆ ಎನ್ನುತ್ತೇನೆ.

ಮಾವನವರು ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದರು. ಅವರಿಗೆ ಸ್ವಾಹಿಲಿ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೆ. ಆದರೂ ಈ ಊರಿಗೆ ನಮ್ಮೆಲ್ಲರಿಗಿಂತ ಬೇಗ ಹೊಂದಿಕೊಂಡವರು ಅವರೇ. ಸಂತೆಗೆ ಹೋದರೆ ತರಕಾರಿ ಮಾರುವ ಅಕಿನಿಯ ಎದುರು ಮುಕ್ಕಾಲಿಯ ಮೇಲೆ ಕೂತು, ಕನ್ನಡದಲ್ಲೇ ಚೌಕಾಸಿ ಮಾಡಿ, ಗೆದ್ದು ಏಳುತ್ತಿದ್ದರು. ಇಲ್ಲಿಯವರು ದಿನಾ ತಿನ್ನುವ ಸುಕುಮಾ ಸೊಪ್ಪಿನಲ್ಲಿ ಅವರು ಮಾಡುವ ಮಸ್ಸೊಪ್ಪನ್ನು ನನ್ನ ಮಗಳು ಮೇಘನಾ ಸ್ಕೂಲಿನ ಡಬ್ಬಿಗೂ ಹಾಕಿಸಿಕೊಳ್ಳುತ್ತಾಳೆ. ವಾರವಿಡೀ ಕಬ್ಬಿಣದ ಬಾಗಿಲ ಹಿಂದೆ ಕೂರುವ ಅತ್ತೆಗೆ ಶನಿವಾರವೇ ಹಬ್ಬ.

ಇಲ್ಲಿ ಹಸುಗೂಸುಗಳನ್ನು ತಾಯಂದಿರು ಲೆಸೋ ಎಂಬ ಬಣ್ಣದ ಬಟ್ಟೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು ಓಡಾಡುತ್ತಾರೆ. ತಾಯಿ ಮುಂದೆ ವ್ಯಾಪಾರ ಮಾಡುತ್ತಿದ್ದರೆ ಮಗು ಹಿಂದಿನ ಲೋಕವನ್ನೆಲ್ಲ ನೋಡುತ್ತಿರುತ್ತದೆ. ಆ ಶನಿವಾರ ಈರುಳ್ಳಿ ಆರಿಸುತ್ತಿದ್ದ ಒಬ್ಬಳ ಬೆನ್ನಿನಿಂದ ಅಂಥದ್ದೊಂದು ಗುಂಡು ಮುಖದ ಮಗು ಅತ್ತೆಯನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಅತ್ತೆಗೆ ಅಷ್ಟು ಸಾಕಾಯಿತು. ಎರಡೂ ಕೈಯಲ್ಲಿ ಅದರ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ನೆಟಿಕೆ ಮುರಿದರು. ನಮ್ಮಲ್ಲಿ ಅಜ್ಜಿಯಂದಿರು ಮುದ್ದಾದ ಮಗುವಿಗೆ ದೃಷ್ಟಿ ತಾಗದಿರಲಿ ಎಂದು ಮಾಡುವುದೇ ಇದು. ಮೈಸೂರಿನ ಸಿಟಿ ಬಸ್ಸಿನಲ್ಲಿ ನಿಂತ ತಾಯಿ ಕೂತವರ ಮಡಿಲಿಗೆ, ಹೆಸರೂ ಕೇಳದೆ, ಮಗುವನ್ನು ಕೊಡುತ್ತಾಳೆ. ಅಲ್ಲಿ ಇದನ್ನು ಯಾರೂ ತಿರುಗಿಯೂ ನೋಡುವುದಿಲ್ಲ.

ಇಲ್ಲಿ ಆ ತಾಯಿ ತಿರುಗಿ ನೋಡಿದಳು. ತನ್ನ ಕಣ್ಣಿಗೆ ಕಾಣದ ಕಡೆ ಯಾರದೋ ಕೈ ತನ್ನ ಮಗುವಿನ ಮೇಲಿದೆ. ಗುರುತಿಲ್ಲದ ಮುದುಕಿಯೊಬ್ಬಳು ಅರ್ಥವಾಗದ್ದೇನೋ ಗೊಣಗುತ್ತ ಬೆರಳು ಮುರಿಯುತ್ತಿದ್ದಾಳೆ. ಅವಳು ಚೀರಿದಳು. ಮಗು ಬೆಚ್ಚಿಬಿದ್ದು ಅಳತೊಡಗಿತು. ಆ ಭಾಗದಲ್ಲಿ ಮಕ್ಕಳು ಕಾಣೆಯಾಗುತ್ತಿದ್ದಾರೆ ಎಂಬ ಗಾಳಿಮಾತು ಕೆಲವು ದಿನಗಳಿಂದ ಫೋನಿನಿಂದ ಫೋನಿಗೆ ಹಾರುತ್ತಿತ್ತಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ. ನೋಡುನೋಡುತ್ತಿದ್ದಂತೆ ಜನ ಸೇರಿದರು. ‘ಮ್ವಿಜಿ’ ಎಂದು ಯಾರೋ ಕೂಗಿದರು. ಮ್ವಿಜಿ ಎಂದರೆ ಕಳ್ಳ. ಸಂತೆಯಲ್ಲಿ ಆ ಪದ ಎದ್ದರೆ ಪೊಲೀಸರು ಬರುವವರೆಗೆ ಯಾರೂ ಕಾಯುವುದಿಲ್ಲ ಎಂದು ನಮಗೆ ಹೇಳಿದ್ದರು. ಒಬ್ಬ ಎತ್ತರದ ಗಂಡಸು ಅತ್ತೆಯ ಮಣಿಕಟ್ಟು ಹಿಡಿದುಕೊಂಡ.

ಶ್ರೀಧರ ಕಾರು ತರಲು ಹೋಗಿದ್ದರು. ನಾನು ಕಲಿತಿದ್ದ ಸ್ವಾಹಿಲಿಯೆಲ್ಲ ಎಲ್ಲಿ ಹೋಯಿತೋ, ಕ್ಷಮಿಸಿ ಎಂಬರ್ಥದ ‘ಪೋಲೆ’ ಒಂದೇ ಬಾಯಿಗೆ ಬರುತ್ತಿತ್ತು. ತಪ್ಪು ಮಾಡಿದವರು ಹೇಳುವುದೂ ಅದನ್ನೇ ಎಂದು ಹೇಳಿದ ಮೇಲೆ ಹೊಳೆಯಿತು. ಅಕಿನಿ ತನ್ನ ಜಾಗದಿಂದಲೇ ಇವರು ನನ್ನ ಗಿರಾಕಿಗಳು ಎಂದು ಕೂಗಿ ಹೇಳಿದಳು. ಗದ್ದಲದಲ್ಲಿ ಕೇಳಿದವರು ಕಡಿಮೆ. ಹಿಂದಿನವರು ಮುಂದಿನವರನ್ನು ತಳ್ಳುತ್ತಿದ್ದರು. ಅತ್ತೆಗೆ ಏನಾದರೂ ಆಗಿಬಿಡುತ್ತದೆ, ನನ್ನ ಕಣ್ಣೆದುರೇ ಆಗಿಬಿಡುತ್ತದೆ ಎಂದು ಖಚಿತವಾಗಿ ಅನ್ನಿಸಿತು. ಅತ್ತೆ ಮಾತ್ರ ನನ್ನ ಕಡೆ ತಿರುಗಿ, "ಇವ್ರಿಗೆ ಏನು ಬೇಕಂತೆ?" ಎಂದು ಕೇಳಿದರು.

ಆಗ ಮೇಘನಾ ನನ್ನ ಪಕ್ಕದಿಂದ ನುಗ್ಗಿದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ, ಗೆಳತಿಯರ ಎದುರು ಅಜ್ಜಿ ನೆಟಿಕೆ ಮುರಿದರೆ ನಾಚಿಕೆಯಿಂದ ಮುಖ ಮುಚ್ಚಿಕೊಳ್ಳುವ ಹುಡುಗಿ. ಆ ಗಂಡಸಿನ ಎದುರು ನಿಂತು, "ಹುಯು ನಿ ಶೋಶೋ ಯಾಂಗು" ಎಂದಳು. ಇವರು ನನ್ನ ಅಜ್ಜಿ ಎಂದು. ಕೈ ಬಿಡಿ, ಅವರು ಮಾಡಿದ್ದೇನೆಂದು ತೋರಿಸುತ್ತೇನೆ ಎಂದೂ ಹೇಳಿದಳೆಂದು ಕಾಣುತ್ತದೆ. ಅವನು ಕೈ ಬಿಟ್ಟ. ಅವಳು ಅಜ್ಜಿಯ ಮುಂದೆ ತಲೆ ಬಗ್ಗಿಸಿದಳು.

"ಅಜ್ಜಿ, ಡೂ ಇಟ್ ಟು ಮಿ. ಈಗ್ಲೇ."

ಅತ್ತೆ ಮೊಮ್ಮಗಳ ಕೆನ್ನೆ ಸವರಿ ಬೆರಳು ಮಡಿಸಿದರು. ನೆಟಿಕೆ ಬರಲಿಲ್ಲ. ಮತ್ತೆ ಸವರಿ ಮತ್ತೆ ಒತ್ತಿದರು. ಎರಡು ಮೂರು ಬೆರಳು ಸದ್ದು ಮಾಡಿದವು. ಮೇಘನಾ ಜನರ ಕಡೆ ತಿರುಗಿ ಅದೇನೆಂದು ವಿವರಿಸಿದಳು. ಹಿಂದಿನಿಂದ ಯಾವುದೋ ಮುದುಕಿ ನಕ್ಕು ಏನೋ ಅಂದಳು, ಇನ್ನಿಬ್ಬರು ನಕ್ಕರು, ಗುಂಪು ಸಡಿಲವಾಯಿತು. ಆ ತಾಯಿ ನಗಲಿಲ್ಲ. ಮಗುವನ್ನು ಬೆನ್ನಿನಿಂದ ಬಿಚ್ಚಿ ಎದೆಗೆ ಕಟ್ಟಿಕೊಂಡು, ಈರುಳ್ಳಿಯನ್ನೂ ಕೊಳ್ಳದೆ ಹೊರಟುಹೋದಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನಮ್ಮ ಕಡೆಯೂ ಇಂಥದ್ದೇ ಗಾಳಿಮಾತು ನಂಬಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪರವೂರಿನವರನ್ನು ಕಟ್ಟಿಹಾಕಿ ಹೊಡೆದ ಸುದ್ದಿ ಓದಿದ್ದೇನೆ. ಅದನ್ನು ಕಾಫಿ ಕುಡಿಯುತ್ತ ಓದಿ ಪುಟ ತಿರುಗಿಸಿದ್ದೇನೆ. ಪರವೂರಿನವರು ಎಂದರೆ ಯಾರೋ ಬೇರೆಯವರು ಎಂದೇ ಆಗ ತಿಳಿದಿದ್ದೆ.

ಕಾರಿನಲ್ಲಿ ಶ್ರೀಧರ ಇನ್ನು ಮುಂದೆ ತರಕಾರಿಗೂ ಮಾಲ್‌ಗೇ ಹೋಗೋಣ ಎಂದರು. ನಾನು ಅತ್ತೆಯ ಮೇಲೆ ರೇಗಿದೆ. ಹೆದರಿಕೆ ಇಳಿಯುವಾಗ ನನಗೆ ರೇಗುವುದೊಂದೇ ಗೊತ್ತು. ಕಂಡವರ ಮಕ್ಕಳನ್ನು ಮುಟ್ಟಬೇಡಿ ಎಂದು ಎಷ್ಟು ಸಲ ಹೇಳುವುದು ಎಂದೆ. ಅವರು ಕೆಂಪಾದ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು. "ಮಗು ಬೆಚ್ಚಿಬಿತ್ತಲ್ಲಮ್ಮ" ಎಂದರು.

ಮನೆಗೆ ಬಂದವರೇ ಅಡುಗೆಮನೆಗೆ ಹೋಗಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ತೆಗೆದುಕೊಂಡರು. ಬೆಚ್ಚಿದ ಮಗುವಿಗೆ ಅದರ ಮನೆಯಲ್ಲಿ ಯಾರೂ ಇಳಿ ತೆಗೆದಿರಲಾರರು, ಹಾಗೇ ಬಿಟ್ಟರೆ ಜ್ವರ ಬರುತ್ತದೆ ಎಂಬುದು ಅವರ ಚಿಂತೆ. ಅಷ್ಟು ಜನ ತಮ್ಮನ್ನು ಸುತ್ತುಗಟ್ಟಿದ್ದು ಅವರ ಲೆಕ್ಕದಲ್ಲೇ ಇರಲಿಲ್ಲ. ಆ ಮಗುವಿನ ಬದಲು ಮೇಘನಾಳನ್ನು ನೆಲದ ಮೇಲೆ ಕೂರಿಸಿಕೊಂಡರು. ಬೇರೆ ದಿನವಾಗಿದ್ದರೆ ಅವಳು ನಕ್ಕು ಎದ್ದು ಹೋಗುತ್ತಿದ್ದಳು. ಆವತ್ತು ಸುಮ್ಮನೆ ಕೂತಳು. ಅತ್ತೆ ಮುಷ್ಟಿಯನ್ನು ಸುತ್ತಿಸುತ್ತ ತಮ್ಮ ತಾಯಿಯಿಂದ ಕಲಿತದ್ದನ್ನು ಹೇಳತೊಡಗಿದರು. ನಾಯಿ ಕಣ್ಣು, ನರಿ ಕಣ್ಣು, ಅವರ ಕಣ್ಣು, ಇವರ ಕಣ್ಣು, ಹೋದವರ ಕಣ್ಣು, ಬಂದವರ ಕಣ್ಣು.

"ಬಂದವರು ಅಂದ್ರೆ ನಾವೇ ಅಲ್ವಾ, ಅಜ್ಜಿ?" ಎಂದಳು ಮೇಘನಾ. ಪೂರ್ತಿ ಕನ್ನಡದಲ್ಲಿ.

ಅತ್ತೆಯ ಕೈ ನಿಂತಿತು. ಬಾಗಿಲಲ್ಲಿ ನಿಂತಿದ್ದ ನನಗೆ, ಊರಿನಲ್ಲಿ ನಮ್ಮನ್ನು ‘ಹೋದವರು’ ಎನ್ನುತ್ತಾರೆ, ಅದೂ ಆ ಸಾಲಿನಲ್ಲೇ ಇದೆ ಎಂದು ಹೊಳೆಯಿತು. ಅತ್ತೆ ಮುಷ್ಟಿ ಬಿಚ್ಚಿ ಉಪ್ಪನ್ನು ಒಮ್ಮೆ ನೋಡಿದರು.

"ನಮ್ದೂ ಸೇರ್ಸಿ ತೆಗೀತೀನಿ, ಕೂತ್ಕೋ" ಎಂದು ಮತ್ತೆ ಮೊದಲಿನಿಂದ ಮುಷ್ಟಿ ಸುತ್ತಿಸತೊಡಗಿದರು.