ಪರದೆ ಬೆಳಗಿದಾಗಲೆಲ್ಲ

ಹೊಸದುರ್ಗದ ಸುತ್ತಿನ ಗುಡ್ಡಗಳ ಮೇಲೆ ನಿಂತಿರುವ ಗಾಳಿಯಂತ್ರಗಳನ್ನು ಅಲ್ಲಿನ ಜನ ಫ್ಯಾನು ಎಂದೇ ಕರೆಯುತ್ತಾರೆ. ದುರ್ಗೇಶನ ಕೆಲಸ ಆ ಫ್ಯಾನುಗಳನ್ನು ಹತ್ತುವುದು. ಐಟಿಐನಲ್ಲಿ ಎಲೆಕ್ಟ್ರಿಕಲ್ ಮುಗಿಸಿದ ಮೇಲೆ ಗಾಳಿಯಂತ್ರದ ಕಂಪನಿಯೊಂದಕ್ಕೆ ಸೇರಿದ್ದ. ಕಂಬದ ಒಳಗೆ ನೆಟ್ಟಗೆ ನಿಂತ ಏಣಿ ಹತ್ತಿ, ತುದಿಯ ಕೋಣೆಯಲ್ಲಿ ಕೂತು, ಎಣ್ಣೆ ನೋಡಿ, ಬೋಲ್ಟು ಬಿಗಿಮಾಡಿ, ಕೆಟ್ಟ ಸರ್ಕ್ಯೂಟ್ ಕಾರ್ಡು ಬದಲಾಯಿಸಿ ಇಳಿಯುತ್ತಿದ್ದ. ಅವನ ತಾಯಿ ಓಬಕ್ಕ ಹೊಲದಲ್ಲಿ ಕಳೆ ತೆಗೆಯುವಾಗ ಪಕ್ಕದ ಸಾಲಿನ ಹೆಂಗಸರಿಗೆ ಗುಡ್ಡ ತೋರಿಸಿ, "ಅದ್ರಾಗೆ ನನ್ ಮಗ ಅವ್ನೆ ನೋಡ್ರಿ" ಎನ್ನುತ್ತಿದ್ದಳು. ಅವನು ಆ ದಿನ ಬೇರೆ ಗುಡ್ಡದಲ್ಲಿದ್ದರೂ ಹಾಗೇ ಹೇಳುತ್ತಿದ್ದಳು.

ಹತ್ತುವುದನ್ನು ಅವನಿಗೆ ಕಲಿಸಿದವನು ಹೊರಕೆರೆದೇವಪುರದ ಜಂಪಣ್ಣ. ವಯಸ್ಸಿನಲ್ಲಿ ದೊಡ್ಡವನು, ಮಾತು ಕಡಿಮೆ. ಮೊದಲ ಸಲ ಅರ್ಧ ಏಣಿಯಲ್ಲಿ ದುರ್ಗೇಶ್ ಹೆದರಿ ನಿಂತುಬಿಟ್ಟಾಗ ಕೆಳಗಿನಿಂದ, "ಕೆಳಗ್ ನೋಡ್ಬೇಡ, ಮ್ಯಾಲೂ ನೋಡ್ಬೇಡ. ಕೈ ನೋಡ್ಕ" ಎಂದಿದ್ದ. ಆಮೇಲೆ ಇಬ್ಬರೂ ಜೋಡಿಯಾಗಿಯೇ ಕೆಲಸಕ್ಕೆ ಹೋದರು. ಬುತ್ತಿ ಹಂಚಿಕೊಂಡರು. ದುರ್ಗೇಶ್ ಕೆಲಸದ ಜೊತೆಗೇ ಓದಿ ಡಿಪ್ಲೊಮಾವನ್ನೂ ಪಾಸು ಮಾಡಿಕೊಂಡಿದ್ದರಿಂದ ಮುಂದೆ ತಂಡದ ಜವಾಬ್ದಾರಿ ಅವನಿಗೇ ಬಂತು. ಜಂಪಣ್ಣ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.

ಮುಂಗಾರಿನ ಗಾಳಿ ಜೋರಾಗಿದ್ದ ಕಾಲ. ಒಂದು ಫ್ಯಾನು ನಿಂತುಹೋಗಿತ್ತು. ಬೇಗ ಸರಿಮಾಡಿ ಎಂದು ಆಫೀಸಿನಿಂದ ಮೇಲಿಂದ ಮೇಲೆ ಫೋನು ಬರುತ್ತಿತ್ತು. ಅದೇ ದಿನ ಹಿರಿಯೂರಿನಲ್ಲಿ ದುರ್ಗೇಶನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಮಧ್ಯಾಹ್ನದೊಳಗೆ ಅಲ್ಲಿಗೆ ಮುಟ್ಟಬೇಕೆಂಬ ಅವಸರ ಅವನಿಗೆ.

ಏಣಿಯುದ್ದಕ್ಕೂ ಒಂದು ಉಕ್ಕಿನ ಹಗ್ಗ ಇರುತ್ತದೆ. ಸೊಂಟದ ಬೆಲ್ಟಿನ ಕ್ಲಾಂಪನ್ನು ಅದಕ್ಕೆ ಸಿಕ್ಕಿಸಿ ಹತ್ತಬೇಕು. ಕಾಲು ಜಾರಿದರೆ ಕ್ಲಾಂಪು ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಜಂಪಣ್ಣ ತನ್ನ ಕ್ಲಾಂಪನ್ನು ಜಗ್ಗಿ ನೋಡಿ, "ಇದ್ಯಾಕೋ ಸರಿಯಾಗಿ ಹಿಡೀತಿಲ್ಲ ಕಣೋ. ಸ್ಟೋರಿಂದ ಬೇರೆದು ತರ್ಸಾಣ" ಎಂದ.

ಸ್ಟೋರು ಇನ್ನೊಂದು ಗುಡ್ಡದ ಬುಡದಲ್ಲಿತ್ತು. ಹೋಗಿ ಬರುವುದರಲ್ಲಿ ಬೆಳಗಿನ ಹೊತ್ತೆಲ್ಲ ಮುಗಿಯುತ್ತಿತ್ತು. "ಮೊನ್ನೇನೂ ಇದ್ನೇ ಹಾಕ್ಕಂಡು ಹತ್ತಿದ್ಯಲ್ಲಣ್ಣ. ಏನೂ ಆಗಲ್ಲ, ನಡಿ ಹೋಗಾಣ" ಎಂದ ದುರ್ಗೇಶ್.

ಜಂಪಣ್ಣ ಅವನ ಮುಖ ನೋಡಿದ. ಕ್ಲಾಂಪು ಸಿಕ್ಕಿಸಿ ಅವನ ಹಿಂದೆ ಹತ್ತಿದ. ಕಂಬದ ನಡುನಡುವೆ ಇರುವ ಅಟ್ಟಣಿಗೆಗಳಲ್ಲಿ ಎರಡನೆಯದನ್ನು ದಾಟಿದ ಮೇಲೆ ಅವನ ಕಾಲು ಜಾರಿತು. ಕ್ಲಾಂಪು ಹಿಡಿಯಲಿಲ್ಲ. ಕಬ್ಬಿಣದ ಮೇಲೆ ಕಬ್ಬಿಣ ಉಜ್ಜಿಕೊಂಡು ಇಳಿದ ಸದ್ದು, ಆಮೇಲೆ ಕೆಳಗಿನ ಅಟ್ಟಣಿಗೆಗೆ ಮೈ ಬಡಿದ ಸದ್ದು ದುರ್ಗೇಶನಿಗೆ ಕೇಳಿತು. ಜಂಪಣ್ಣನ ಜೀವ ಉಳಿಯಿತು. ಆದರೆ ಬೆನ್ನುಮೂಳೆ ಮುರಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು.

ವಿಚಾರಣೆಗೆ ಕಂಪನಿಯ ಅಧಿಕಾರಿ ಬಂದರು. ಹತ್ತುವ ಮುಂಚೆ ಕ್ಲಾಂಪಿನ ಬಗ್ಗೆ ಜಂಪಣ್ಣ ಏನಾದರೂ ಹೇಳಿದ್ದನೇ ಎಂದು ಕೇಳಿದರು. "ಇಲ್ಲ ಸಾರ್, ಏನೂ ಹೇಳ್ಲಿಲ್ಲ" ಎಂದ ದುರ್ಗೇಶ್. ಆ ಮಾತು ಬಾಯಿಂದ ಹೇಗೆ ಬಂತೆಂದು ಅವನಿಗೇ ತಿಳಿಯಲಿಲ್ಲ. ಹೀಗೆ ಹೇಳಬೇಕೆಂದು ಅವನು ಮೊದಲೇ ಯೋಚಿಸಿಕೊಂಡಿರಲಿಲ್ಲ. ಜಂಪಣ್ಣ ಆಗ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ತನ್ನ ಸಲಕರಣೆಯನ್ನು ತಾನೇ ಪರೀಕ್ಷಿಸಿಕೊಳ್ಳದೆ ಹತ್ತಿದ್ದು ಅವನದೇ ಅಜಾಗರೂಕತೆ ಎಂದು ತೀರ್ಮಾನವಾಯಿತು.

ಆವತ್ತಿನಿಂದ ದುರ್ಗೇಶ್ ಜಂಪಣ್ಣನ ಮನೆ ಕಡೆ ತಲೆಹಾಕಲಿಲ್ಲ. ಫ್ಯಾನಿನ ಬುಡಕ್ಕೆ ಹೋದರೆ ಮೈಯೆಲ್ಲ ಬೆವರುತ್ತಿತ್ತು. ಅಡುಗೆಮನೆಯಲ್ಲಿ ಲೋಟ ಬಿದ್ದರೂ ಎದ್ದು ನಿಲ್ಲುತ್ತಿದ್ದ. ನಿದ್ದೆ ಹತ್ತಿದರೆ ಆ ಉಜ್ಜುವ ಸದ್ದು. ಹೆಂಡತಿ ದಿವ್ಯಾ ಏನು ಕೇಳಿದರೂ ಸಿಡುಕುತ್ತಿದ್ದ, ಆಮೇಲೆ ಹಿತ್ತಲಿಗೆ ಹೋಗಿ ಒಬ್ಬನೇ ಕೂರುತ್ತಿದ್ದ. ಮಗ ಹೆದರಿಕೊಂಡಿದ್ದಾನೆ ಎಂದುಕೊಂಡ ಓಬಕ್ಕ, "ಹೊರಕೆರೆದೇವಪುರದ ದೇವಸ್ಥಾನಕ್ಕೆ ಹೋಗಿ ಬರಾಣ ನಡಿ ಮಗಾ. ಜಂಪಣ್ಣನ್ನೂ ನೋಡ್ದಂಗೆ ಆಗ್ತೈತೆ" ಎಂದು ಕರೆದಳು. ತಾಯಿಗೆ ಎಂದೂ ಬಯ್ಯದವನು ಆ ದಿನ ಬಯ್ದುಬಿಟ್ಟ.

ಕೊನೆಗೆ ದಿವ್ಯಾಳೇ ಅವನನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಮಾನಸಿಕ ವೈದ್ಯರಿಗೆ ತೋರಿಸಿದಳು. ಮಾತ್ರೆಯಿಂದ ನಿದ್ದೆ ಸ್ವಲ್ಪ ಬಂತು, ಎದೆಯ ಭಾರ ಇಳಿಯಲಿಲ್ಲ. ವೈದ್ಯರು ಅವನನ್ನು ಆಪ್ತಸಮಾಲೋಚಕಿ ರಮ್ಯಾ ಅವರ ಬಳಿ ಕಳಿಸಿದರು. ಚಿತ್ರದುರ್ಗದ ಹಳೆಯ ಬಡಾವಣೆಯಲ್ಲಿ ಮಹಡಿ ಮೇಲಿನ ಸಣ್ಣ ಕ್ಲಿನಿಕ್ಕು ಅದು. ರಮ್ಯಾ ಮತ್ತು ಗಿರೀಶ್ ಎಂಬ ಇನ್ನೊಬ್ಬ ಸಮಾಲೋಚಕರು ಸೇರಿ ನಡೆಸುತ್ತಿದ್ದರು.

"ಬರ್ರಿ, ಕುಂತ್ಕಳ್ರಿ" ಎಂದು ರಮ್ಯಾ ಅವನಿಗೆ ಒಂದು ಯಂತ್ರ ತೋರಿಸಿದರು. ತಲೆಗೆ ಅಂಟು ಹಚ್ಚಿ ಅಲ್ಲಲ್ಲಿ ಸಣ್ಣ ತಂತಿಗಳನ್ನು ಕೂರಿಸುತ್ತಾರೆ. ಎದುರಿನ ಪರದೆಯಲ್ಲಿ ಹೊಳೆಯೊಂದರ ಚಿತ್ರ ಓಡುತ್ತದೆ. ಮಿದುಳಿನ ಅಲೆಗಳು ನೆಮ್ಮದಿಯ ಲಯಕ್ಕೆ ಬಂದರೆ ಚಿತ್ರ ಬೆಳಗುತ್ತದೆ, ಗಾಬರಿಯ ಲಯಕ್ಕೆ ಹೋದರೆ ಮಬ್ಬಾಗುತ್ತದೆ. ಚಿತ್ರ ನೋಡುತ್ತ ನೋಡುತ್ತ ಮಿದುಳು ತಾನೇ ದಾರಿ ಕಲಿಯುತ್ತದೆ ಎಂಬುದು ಇದರ ಲೆಕ್ಕಾಚಾರ. ಅದಾದ ಮೇಲೆ ಕೂತು ಮಾತು.

ದುರ್ಗೇಶ್ ತಂತಿಗಳನ್ನೇ ನೋಡುತ್ತಿದ್ದ. "ಇದ್ರಾಗೆ ನಾನು ಯೋಚ್ನೆ ಮಾಡಿದ್ದು ಕಾಣ್ತೈತಾ ಮೇಡಂ?"

"ಇಲ್ಲ. ಇದು ಅಲೆ ಅಳೀತೈತೆ ಅಷ್ಟೆ, ಮನಸ್ಸು ಓದಲ್ಲ. ಎಲ್ರಿಗೂ ಒಂದೇ ಥರ ಉಪಯೋಗ ಆಗ್ತೈತೆ ಅಂತಾನೂ ನಾನು ಹೇಳಲ್ಲ. ನೋಡೋಣ."

ಮನಸ್ಸು ಓದುವುದಿಲ್ಲ ಎಂದ ಮೇಲೆ ಅವನು ತಲೆ ಬಗ್ಗಿಸಿ ತಂತಿ ಕೂರಿಸಿಕೊಂಡ.

ಮುಂದಿನ ವಾರಗಳಲ್ಲಿ ಅವನು ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಬರುವ ಬಸ್ಸಿನಲ್ಲಿ ತಪ್ಪದೆ ಬಂದ. ಮಾತಿನ ಹೊತ್ತಿನಲ್ಲಿ ಬಿದ್ದ ದಿನದ ಬಗ್ಗೆ, ಸದ್ದಿನ ಬಗ್ಗೆ ಹೇಳುತ್ತಿದ್ದ. ಕ್ಲಾಂಪಿನ ವಿಷಯ ಮಾತ್ರ ಬಿಡುತ್ತಿದ್ದ. ಯಂತ್ರದ ಮುಂದೆ ಒಂದು ವಿಚಿತ್ರ ನಡೆಯುತ್ತಿತ್ತು. ಚಿತ್ರ ನಿಧಾನಕ್ಕೆ ಬೆಳಗುತ್ತ ಬಂದು, ನೀರಿನ ಮೇಲಿನ ಬಿಸಿಲು ಕಾಣುವಷ್ಟಾದ ಕೂಡಲೇ ಮಬ್ಬಾಗಿಬಿಡುತ್ತಿತ್ತು. ಪ್ರತಿ ಸಲವೂ ಹಾಗೆಯೇ.

ಒಂದು ದಿನ ರಮ್ಯಾ ಯಂತ್ರ ನಿಲ್ಲಿಸಿ ಕುರ್ಚಿಯನ್ನು ಅವನ ಎದುರಿಗೆ ಎಳೆದುಕೊಂಡರು. ತಂತಿಗಳು ಇನ್ನೂ ಅವನ ತಲೆಯ ಮೇಲೇ ಇದ್ದವು.

"ದುರ್ಗೇಶ್ ಅವ್ರೇ, ಒಂದು ಕೇಳ್ಲಾ? ಚಿತ್ರ ಚೆನ್ನಾಗಿ ಕಾಣೋಕೆ ಶುರುವಾದಾಗ ನೀವೇನು ಮಾಡ್ತೀರಿ?"

"ಏನಿಲ್ಲ ಮೇಡಂ. ಜಂಪಣ್ಣ ನೆನಪಿಗೆ ಬತ್ತಾನೆ."

"ಅವ್ರು ತಾವಾಗೇ ಬರ್ತಾರಾ, ನೀವು ಕರೀತೀರಾ?"

ಅವನು ನಿಂತ ಪರದೆಯ ಕಡೆ ನೋಡಿದ. ರಮ್ಯಾ ಅವಸರ ಮಾಡಲಿಲ್ಲ. ಕೆಳಗೆ ರಸ್ತೆಯಲ್ಲಿ ತರಕಾರಿ ಗಾಡಿಯವನ ಕೂಗು ಬಂದು ಹೋಯಿತು.

"ಕರೀತೀನಿ" ಎಂದ ಕೊನೆಗೆ. "ಅವ್ನು ಅಲ್ಲಿ ಮಂಚದ ಮ್ಯಾಲೆ ಬಿದ್ದಿರ್ವಾಗ ನಾನಿಲ್ಲಿ ಕುಂತು ಹೊಳೆ ನೋಡ್ಕಂಡು ಆರಾಮಾಗಾದು ಅಂದ್ರೆ... ಅದು ಸರಿ ಅಲ್ಲ ಮೇಡಂ. ಬೆಳಕಾದ ತಕ್ಷಣ ನಾನೇ ಆ ಸದ್ದು ನೆನಿಸ್ಕಂತೀನಿ."

"ನಿಮಗೆ ವಾಸಿ ಆಗೋದು ಬೇಡ ಅನ್ನಿಸ್ತೈತಾ?"

"ವಾಸಿ ಆಗಕ್ಕೆ ನನಗೇನ್ ಹಕ್ಕೈತೆ?"

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಕ್ಲಾಂಪು ಹಿಡಿಯುತ್ತಿಲ್ಲ ಎಂದು ಜಂಪಣ್ಣ ಹೇಳಿದ್ದು, ಹಿರಿಯೂರಿಗೆ ಹೋಗುವ ಅವಸರ, ನಡಿ ಹೋಗಾಣ ಎಂದದ್ದು, ಅಧಿಕಾರಿಯ ಮುಂದೆ ಸುಳ್ಳಾಡಿದ್ದು. ಹೇಳುವಾಗ ಅಳಲಿಲ್ಲ. ಮುಗಿದ ಮೇಲೆ ತಲೆಯ ತಂತಿಗಳನ್ನು ತಾನೇ ಒಂದೊಂದಾಗಿ ಕಿತ್ತು ಮೇಜಿನ ಮೇಲಿಟ್ಟ. ರಮ್ಯಾ ನಿಮ್ಮ ತಪ್ಪಿಲ್ಲ ಎನ್ನಲಿಲ್ಲ, ಸಮಾಧಾನ ಮಾಡಿಕೊಳ್ಳಿ ಎನ್ನಲಿಲ್ಲ. "ನಿಮಗೆ ನೀವೇ ಶಿಕ್ಷೆ ಕೊಟ್ಕಂತಾ ಇದ್ದೀರಿ. ಅದ್ರಿಂದ ಜಂಪಣ್ಣನವರಿಗೆ ಏನಾದ್ರೂ ಸಿಕ್ಕಿದೆಯಾ, ಯೋಚ್ನೆ ಮಾಡ್ರಿ" ಎಂದಷ್ಟೇ ಹೇಳಿದರು. ಮುಂದೆ ಹಲವು ಸಲ ಅದೇ ಮಾತಿನ ಸುತ್ತ ಕೂತರು. ಯಂತ್ರವನ್ನೂ ಬಿಡಲಿಲ್ಲ. ಈಗ ಮಬ್ಬಾದಾಗಲೆಲ್ಲ ರಮ್ಯಾ ನಿಲ್ಲಿಸಿ, ಏನು ಬಂತೆಂದು ಕೇಳುತ್ತಿದ್ದರು, ಅವನು ಹೇಳುತ್ತಿದ್ದ.

ಮನೆಯಲ್ಲಿ ದಿವ್ಯಾಳಿಗೂ ಹೇಳಿದ. ಅವಳು ಒಲೆ ಆರಿಸಿ ಬಂದು ಕೂತಳು. "ಆವತ್ತು ಹಿರಿಯೂರಿಗೆ ಬೇಗ ಬರ್ರಿ ಅಂತ ಬೆಳಗ್ಗಿಂದ ಫೋನ್ ಮಾಡಿ ಮಾಡಿ ಸಾಯ್ಸಿದ್ದು ನಾನು" ಎಂದಳು ಆಮೇಲೆ. "ನೀನ್ ಕ್ಲಾಂಪ್ ನೋಡಿರ್ಲಿಲ್ಲ. ನಾನು ನೋಡಿದ್ದೆ" ಎಂದ ಅವನು. ಇಷ್ಟು ದಿನ ಅವಳೂ ಇದನ್ನೇ ಒಳಗಿಟ್ಟುಕೊಂಡು ಅಡುಗೆ ಮಾಡಿದ್ದಾಳೆ, ತನ್ನ ಸಿಡುಕು ತಿಂದಿದ್ದಾಳೆ ಎಂದು ತಿಳಿದಾಗ ಅವನಿಗೆ ತಲೆ ಎತ್ತಲಾಗಲಿಲ್ಲ.

ಹೊರಕೆರೆದೇವಪುರಕ್ಕೆ ಒಬ್ಬನೇ ಹೋದ. ಜಂಪಣ್ಣ ಪಡಸಾಲೆಯ ಮಂಚದ ಮೇಲೆ ಗೋಡೆಗೊರಗಿ ಕೂತು, ಯಾರದೋ ಮಿಕ್ಸಿ ಬಿಚ್ಚಿಟ್ಟುಕೊಂಡಿದ್ದ. ಊರವರ ಮಿಕ್ಸಿ, ಮನೆಯ ಫ್ಯಾನು ರಿಪೇರಿ ಮಾಡುತ್ತಿದ್ದನಂತೆ. ಹೆಂಡತಿ ತೋಟದ ಕೆಲಸಕ್ಕೆ ಹೋಗಿದ್ದಳು. ತಾಯಿ ಮರುಳಸಿದ್ದಮ್ಮ ಒಳಗಿದ್ದಳು.

"ಕುಂತ್ಕ" ಎಂದ ಜಂಪಣ್ಣ, ತಲೆ ಎತ್ತದೆ.

ದುರ್ಗೇಶ್ ನೆಲದ ಮೇಲೆ ಕೂತು ಹೇಳಿದ. "ನೀನು ಹೇಳಿದ್ದೆ ಅಣ್ಣ, ಕ್ಲಾಂಪ್ ಹಿಡೀತಿಲ್ಲ ಅಂತ. ನಾನೇ ನಡಿ ಅಂದೆ. ಆಮ್ಯಾಲೆ ಆಫೀಸ್ನೋರ ಮುಂದೆ ನೀನು ಏನೂ ಹೇಳ್ಲಿಲ್ಲ ಅಂತ ಸುಳ್ಳು ಹೇಳ್ದೆ."

ಜಂಪಣ್ಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. ಬಯ್ಯುತ್ತಾನೆ ಎಂದು ದುರ್ಗೇಶ್ ಕಾದ.

"ಹಂಗಾದ್ರೆ ನಾನು ಹೇಳಿದ್ದು ನಿಜ" ಎಂದ ಜಂಪಣ್ಣ. ಸ್ಕ್ರೂಡ್ರೈವರ್ ಕೆಳಗಿಟ್ಟ. "ಎಲ್ರೂ ನಂದೇ ತಪ್ಪು ಅಂದ್ರು ಕಣೋ. ಹೇಳಿದ್ನಲ್ಲ, ಹೇಳಿದ್ನಲ್ಲ ಅಂತ ನಾನೂ ಅಂತಿದ್ದೆ. ಹೇಳಿ ಹೇಳಿ ನಂಗೇ ಡೌಟು ಬಂತು. ಬಿದ್ದಾಗ ತಲೆಗೆ ಏಟಾಗಿ ಇಲ್ದಿದ್ದು ನೆನಪಾಗ್ತೈತೇನೋ ಅಂದ್ಕಂಡೆ. ಕಾಲಂತೂ ಹೋತು, ತಲೇನೂ ಹೋತಾ ಅಂತ ಹೆದ್ರಿಕಂಡು ಕುಂತಿದೀನಿ, ಇಷ್ಟು ದಿನ."

ಬೀಳಿಸಿದ್ದಷ್ಟೇ ತನ್ನ ತಪ್ಪೆಂದು ದುರ್ಗೇಶ್ ಕೊರಗಿದ್ದ. ತನ್ನ ಒಂದು ಸುಳ್ಳು ಮಂಚದ ಮೇಲಿದ್ದವನನ್ನು ದಿನದಿನವೂ ಹೀಗೆ ಅಲ್ಲಾಡಿಸುತ್ತಿತ್ತೆಂದು ಅವನಿಗೆ ಹೊಳೆದೇ ಇರಲಿಲ್ಲ. ಯಂತ್ರದ ಮುಂದೆ ಕೂತು ಅವನು ನೂರು ಸಲ ಕರೆದದ್ದು ಬೀಳುವ ಜಂಪಣ್ಣನನ್ನು. ಬದುಕಿರುವ ಜಂಪಣ್ಣ ಏನು ಅನುಭವಿಸುತ್ತಿದ್ದಾನೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

ಮರುಳಸಿದ್ದಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಎದ್ದು ಹೋಗಪ್ಪ" ಎಂದಳು. ಜಂಪಣ್ಣ ಅವಳನ್ನು ತಡೆಯಲಿಲ್ಲ. ದುರ್ಗೇಶ್ ಮೆಟ್ಟಿಲಿಳಿಯುವಾಗ ಜಂಪಣ್ಣ ಹಿಂದಿನಿಂದ, "ನನ್ ಮುಂದೆ ಹೇಳಿದ್ದು ಆಫೀಸ್ನಾಗೂ ಹೇಳು" ಎಂದ.

ದುರ್ಗೇಶ್ ಮಾರನೆಯ ದಿನವೇ ಹೋಗಿ ಹೇಳಿದ. ಕಂಪನಿಯವರು ಮತ್ತೆ ವಿಚಾರಣೆ ಮಾಡಿ ಜಂಪಣ್ಣನ ಮೇಲಿದ್ದ ಆರೋಪ ತೆಗೆದರು, ದುರ್ಗೇಶನನ್ನು ಕೆಲಸದಿಂದ ತೆಗೆದರು. ಅವನು ಹೊಸದುರ್ಗದಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿಯೊಂದಕ್ಕೆ ಸೇರಿದ. ಓಬಕ್ಕ ಹೊಲದಲ್ಲಿ ಗುಡ್ಡ ತೋರಿಸುವುದನ್ನು ನಿಲ್ಲಿಸಿದಳು. ಮಗನನ್ನು ಒಂದು ಮಾತೂ ಕೇಳಲಿಲ್ಲ. ಅವಳು ಕೇಳದೇ ಇದ್ದದ್ದೇ ಅವನಿಗೆ ಕಷ್ಟವಾಯಿತು.

ಚಿತ್ರದುರ್ಗಕ್ಕೆ ಹೋಗುವುದನ್ನು ಅವನು ಬಿಡಲಿಲ್ಲ. ಪರದೆ ಬೆಳಗಿದರೆ ಈಗ ಸ್ವಲ್ಪ ಹೊತ್ತು ಹಾಗೇ ಇರಲು ಬಿಡುತ್ತಿದ್ದ. ಅಪರಾಧಿ ಎಂಬ ಭಾವ ಹೋಗಲಿಲ್ಲ. ಅದು ಹೋಗಬೇಕೆಂದು ತಾನು ಹೇಳುತ್ತಿಲ್ಲ, ಅದರ ಜೊತೆಗೆ ನಿದ್ದೆ ಮಾಡುವುದನ್ನು, ಕೆಲಸ ಮಾಡುವುದನ್ನು ಕಲಿಯಬೇಕು ಎಂದು ರಮ್ಯಾ ಹೇಳಿದ್ದರು. ನಿದ್ದೆ ಬರತೊಡಗಿತು.

ಚಳಿಗಾಲದ ಒಂದು ಬೆಳಗ್ಗೆ ಜಂಪಣ್ಣನ ಫೋನು ಬಂತು. ಮಿಕ್ಸಿಯೊಂದರ ಸುಟ್ಟುಹೋದ ಕಾಯಿಲನ್ನು ಮತ್ತೆ ಸುತ್ತಿ ಕೊಡುತ್ತೀಯಾ ಎಂದು ಕೇಳಿದ. ದುರ್ಗೇಶ್ ಸುತ್ತಿ ಬಸ್ಸಿನವರ ಕೈಯಲ್ಲಿ ಕಳಿಸಿದ. ಮತ್ತೊಂದು ಬಂತು. ಮಾತು ಕಾಯಿಲಿನ ಬಗ್ಗೆ ಮಾತ್ರ. ಹೀಗೆ ನಡೆದಿರುವಾಗ ಒಮ್ಮೆ ಜಂಪಣ್ಣ ಫೋನು ಇಡುವ ಮುಂಚೆ, "ಲೇ, ನೀನು ದುರ್ಗಕ್ಕೆ ಯಾರದೋ ಹತ್ರ ಹೋಗ್ತೀಯಂತಲ್ಲ. ನಂಗೂ ನಿದ್ದೆ ಬರಲ್ಲ ಕಣೋ" ಎಂದ.

ದುರ್ಗೇಶ್ ಕೇಳಿದಾಗ ರಮ್ಯಾ, "ನಿಮ್ಮಿಬ್ರ ಜೊತೇನೂ ನಾನೇ ಕೂರೋದು ಸರಿ ಆಗಲ್ಲ. ಗಿರೀಶ್ ಸರ್ ನೋಡ್ತಾರೆ, ಕರ್ಕಂಡು ಬರ್ರಿ" ಎಂದರು. ದುರ್ಗೇಶ್ ಬಾಡಿಗೆ ಕಾರು ಮಾಡಿಕೊಂಡು ಹೊರಕೆರೆದೇವಪುರಕ್ಕೆ ಹೋದ. ಮರುಳಸಿದ್ದಮ್ಮ ಮಗನ ಜೊತೆ ಬಂದಳು. ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡಿದಳು. ಮಹಡಿ ಮೆಟ್ಟಿಲಲ್ಲಿ ಜಂಪಣ್ಣನನ್ನು ಹೊರಲು ದುರ್ಗೇಶ್ ಬಗ್ಗಿ ಬೆನ್ನು ಕೊಟ್ಟ. ಜಂಪಣ್ಣ ಮೇಲಿನ ಮೆಟ್ಟಿಲುಗಳನ್ನೊಮ್ಮೆ ನೋಡಿ, ಆಮೇಲೆ ಅವನ ಹೆಗಲ ಮೇಲೆ ಕೈ ಹಾಕಿದ.

ಗಿರೀಶರ ಕೋಣೆಯ ಬಾಗಿಲು ಮುಚ್ಚಿತು. ಹೊರಗೆ ಒಂದೇ ಬೆಂಚು. ಮರುಳಸಿದ್ದಮ್ಮ ಒಂದು ತುದಿಯಲ್ಲಿ ಕೂತಳು, ದುರ್ಗೇಶ್ ಗೋಡೆಗೊರಗಿ ನಿಂತ. ಒಳಗಿಂದ ಜಂಪಣ್ಣನ ದನಿ ಸಣ್ಣಗೆ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

"ಎಷ್ಟೊತ್ತಾಗ್ತೈತೆ?" ಎಂದಳು ಅವಳು, ಅವನ ಕಡೆ ನೋಡದೆ.

"ಮುಕ್ಕಾಲು ಗಂಟೆ ಆಗ್ತೈತಮ್ಮ."

ಅವಳು ಸೆರಗು ಸರಿಮಾಡಿಕೊಂಡು, ತನ್ನ ಕೈಚೀಲವನ್ನು ಬೆಂಚಿನ ಮೇಲಿಂದ ತೆಗೆದು ಕಾಲ ಬಳಿ ಇಟ್ಟುಕೊಂಡಳು. ಅದು ತನಗೆ ಕೂರಲು ಜಾಗ ಮಾಡಿದ್ದೋ ಅಲ್ಲವೋ ದುರ್ಗೇಶನಿಗೆ ತಿಳಿಯಲಿಲ್ಲ. ಅವನು ನಿಂತೇ ಇದ್ದ.