ಬೆಲ್ಟ್ ಕೇಳಿದಾಕೆ

ಅಂಬುಲೆನ್ಸಿನಲ್ಲಿ ರೋಗಿಯ ಜೊತೆ ಹತ್ತುವವರಿಗೆ ಬೆಲ್ಟ್ ಕಟ್ಟಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ನಮ್ಮ ಗಾಡಿ ರಾಮದುರ್ಗದಲ್ಲಿ ನಿಲ್ಲುತ್ತಿತ್ತು. ರೋಗಿಯ ತಲೆಯ ಹತ್ತಿರ ಕುಳಿತು ಆಸ್ಪತ್ರೆ ಮುಟ್ಟುವವರೆಗೆ ಜೀವ ಹಿಡಿದಿಡುವುದು ನನ್ನ ಕೆಲಸ. ಓಡುವ ಗಾಡಿಯಲ್ಲಿ ಮನುಷ್ಯರಾಗಲಿ, ಸಾಮಾನಾಗಲಿ, ಯಾವುದೂ ಸಡಿಲಾಗಿ ಇರಬಾರದೆಂದು ತರಬೇತಿಯ ಮೊದಲ ದಿನವೇ ಹೇಳಿದ್ದರು. ಅದನ್ನು ನಮ್ಮ ಜನಕ್ಕೆ ಹೇಳಿ ನೋಡಿ. "ನಾವೇನು ಎತ್ತೇನ್ರಿ, ಗ್ವಾದಲಿಗೆ ಕಟ್ಟಾಕ?" ಎನ್ನುತ್ತಿದ್ದರು. ಒಬ್ಬ ಅಜ್ಜನಂತೂ, "ಸತ್ತ ಮ್ಯಾಲ ಸಿದಿಗಿಗೆ ಕಟ್ಟೂದು ಇದ್ದ ಐತಿ ತಮ್ಮಾ, ಈಗ್ಯಾಕ ಅವಸರ?" ಎಂದು ನಗಿಸಿದ್ದ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಗದರಿಸಿ ಕಟ್ಟುತ್ತಿದ್ದೆ. ನಾನು ಅತ್ತ ತಿರುಗಿದ್ದೇ ತಡ, ಬಿಚ್ಚಿ ಕೂರುತ್ತಿದ್ದರು.

ಆ ವರ್ಷ ಹುರುಳಿ ಸುಗ್ಗಿಯ ಹೊತ್ತಿಗೆ, ಆಕ್ಸಿಜನ್ ಸಿಲಿಂಡರನ್ನು ಬಿಗಿಹಿಡಿಯುವ ಕಬ್ಬಿಣದ ಪಟ್ಟಿ ಮುರಿಯಿತು. ರಿಜಿಸ್ಟರಿನಲ್ಲಿ ಬರೆದೆ, ಆಫೀಸಿಗೆ ಫೋನ್ ಮಾಡಿದೆ. "ಮುಂದಿನ ವಾರ ನೋಡೋಣ್ರಿ" ಎಂದರು. ಆ ಮುಂದಿನ ವಾರ ಮೂರು ಸಲ ಬಂದು ಹೋಯಿತು. ಡ್ರೈವರ್ ಹಗ್ಗದಿಂದ ಕಟ್ಟಿದ. ಹಗ್ಗ ಸಡಿಲಾಗಿ ಸಿಲಿಂಡರ್ ಉರುಳಿ ನನ್ನ ಕಾಲ್ಬೆರಳು ಜಜ್ಜಿತು. ಗಾಡಿ ಎಲ್ಲಿಯಾದರೂ ಗುದ್ದಿದರೆ ಅದು ಗುಂಡಿನಂತೆ ಹಾರಿ ರೋಗಿಯ ಎದೆ ಒಡೆಯುತ್ತದೆಂಬುದು ನನಗೆ ಗೊತ್ತಿತ್ತು. ಜೊತೆಗೆ ಬಂದವರು ಕೂರುವ ಬೆಂಚಿಗೆ ಇದ್ದದ್ದು ಒಂದೇ ಬೆಲ್ಟ್. ಅದನ್ನೇ ಸಿಲಿಂಡರಿಗೆ ಸುತ್ತಿ ಬಿಗಿದೆ. ಹೇಗೂ ಯಾರೂ ಹಾಕಿಕೊಳ್ಳುವುದಿಲ್ಲವಲ್ಲ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ ಕೂಡ.

ನಾಲ್ಕನೆಯ ದಿನ ಬೆಳಿಗ್ಗೆ ಸಾಲಹಳ್ಳಿಯಿಂದ ಕರೆ ಬಂತು. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದ ಹೆಣ್ಣುಮಗಳು. ನೋವು ಶುರುವಾಗುವ ಮೊದಲೇ ರಕ್ತ ಹೋಗುತ್ತಿತ್ತು. ಬೆಳಗಾವಿಗೇ ಒಯ್ಯಬೇಕು, ಬೇರೆ ದಾರಿಯಿಲ್ಲ. ಸ್ಟ್ರೆಚರಿನ ಪಟ್ಟಿಗಳನ್ನೆಲ್ಲ ಬಿಗಿದು ಆಕ್ಸಿಜನ್ ಹಚ್ಚಿದೆ. ಆಕೆಯ ತಾಯಿ ಹತ್ತಿ ಬೆಂಚಿನ ಮೇಲೆ ಕುಳಿತು ಮಗಳ ಕೈ ಹಿಡಿದುಕೊಂಡಳು. ನಾನು ನನ್ನ ಬೆಲ್ಟ್ ಹಾಕಿಕೊಳ್ಳುವುದನ್ನು ನೋಡಿ, "ನನಗೂ ಒಂದ ಕಟ್ರಿ ಸರ. ಗಾಡಿ ಅಂದ್ರ ನನಗ ಜೀವಾ ಅಂಜತೈತಿ" ಎಂದಳು.

ಅಷ್ಟು ವರ್ಷಗಳಲ್ಲಿ ತಾನಾಗಿ ಬೆಲ್ಟ್ ಕೇಳಿದವಳು ಆಕೆಯೊಬ್ಬಳೇ.

"ಇಲ್ಲಬೇ ಯವ್ವಾ, ಗಟ್ಟಿ ಹಿಡಕೊಂಡ ಕುಂದರು" ಎಂದು ಸಿಡುಕಿದೆ. ಆಕೆ ಸಿಲಿಂಡರಿಗೆ ಸುತ್ತಿದ ಬೆಲ್ಟನ್ನು ಒಮ್ಮೆ ನೋಡಿ, ಇನ್ನೊಂದು ಕೈಯಿಂದ ಬೆಂಚಿನ ಅಂಚು ಹಿಡಿದಳು. ಡ್ರೈವರನ ಪಕ್ಕದ ಸೀಟು ಖಾಲಿ ಇತ್ತು, ಅದಕ್ಕೆ ಬೆಲ್ಟೂ ಇತ್ತು. ಆಕೆಯನ್ನು ಅಲ್ಲಿ ಕೂರಿಸಲು ಅರ್ಧ ನಿಮಿಷ ಸಾಕಿತ್ತು. ಮಗಳ ಕೈ ಬಿಡಿಸಲು ಮನಸ್ಸಾಗಲಿಲ್ಲವೆಂದು ಈಗ ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ನನಗೆ ಅದು ಹೊಳೆಯಲೇ ಇಲ್ಲ.

ನಮ್ಮ ಡ್ರೈವರ್ ನಿಧಾನಸ್ಥ. ನಾನೇ, "ಹೊಡೀಪಾ, ರಕ್ತ ನಿಂದ್ರವಲ್ದು" ಎಂದು ಕೂಗಿದೆ. ಯರಗಟ್ಟಿಯ ಇತ್ತ ಒಂದು ತಿರುವಿನಾಚೆ ರಸ್ತೆಯ ತುಂಬ ಹುರುಳಿ ಹರವಿದ್ದರು. ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹೋಗಿಬರುವ ಗಾಡಿಗಳೇ ತುಳಿದು ಕಾಳು ಬಿಡಿಸಬೇಕು. ಯಾರೂ ಪಕ್ಕಕ್ಕೆ ಸರಿಯದಿರಲೆಂದು ಅಂಚಿಗೆ ಕಲ್ಲಿಟ್ಟಿರುತ್ತಾರೆ. ಒಣ ಹುರುಳಿಯ ಮೇಲೆ ಬ್ರೇಕ್ ಬಿದ್ದರೆ ಗಾಲಿ ನೆಲ ಹಿಡಿಯುವುದಿಲ್ಲ. ಗಾಡಿ ಜಾರಿ, ಅಂಚಿನ ಕಲ್ಲು ದಾಟಿ, ಬೇವಿನ ಮರಕ್ಕೆ ಗುದ್ದಿ ನಿಂತಿತು.

ಸಿಲಿಂಡರ್ ಅಲುಗಿರಲಿಲ್ಲ. ಮಗಳು ಸ್ಟ್ರೆಚರಿನ ಮೇಲೆ ಇದ್ದ ಹಾಗೇ ಇದ್ದಳು. ನನಗೆ ಒಂದು ಗೀರೂ ಆಗಿರಲಿಲ್ಲ. ತಾಯಿ ಮಾತ್ರ ಡ್ರೈವರನ ಸೀಟಿನ ಹಿಂದಿನ ಗೋಡೆಗೆ ಬಡಿದು ಕೆಳಗೆ ಬಿದ್ದಿದ್ದಳು. ಕುತ್ತಿಗೆ ಮುರಿದಿತ್ತು. ನಾಡಿ ಹುಡುಕಿದೆ, ಎದೆ ಒತ್ತಿದೆ, ಕಲಿತದ್ದೆಲ್ಲ ಮಾಡಿದೆ. ಜೀವ ಬರಲಿಲ್ಲ. "ಅವ್ವಾ, ಯಾಕ ಮಾತಾಡವಲ್ಲಿ?" ಎಂದು ಮಗಳು ಕೇಳುತ್ತಲೇ ಇದ್ದಳು. ಆಕೆಗೆ ಕಾಣದಿರಲೆಂದು ಅಡ್ಡವಾಗಿ ಕುಳಿತೆ. ಸವದತ್ತಿಯಿಂದ ಇನ್ನೊಂದು ಗಾಡಿ ಬಂದು ಆಕೆಯನ್ನು ಒಯ್ದಿತು. ಬೆಳಗಾವಿಯಲ್ಲಿ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಉಳಿದರು.

ವಿಚಾರಣೆಗೆ ಬಂದವರು ಕೇಳಿದ್ದು ಒಂದೇ ಪ್ರಶ್ನೆ: "ಆಕಿ ಬೆಲ್ಟ್ ಹಾಕಿದ್ದಿಲ್ಲೇನು?" ಡ್ರೈವರ್ ನನ್ನ ಮುಖ ನೋಡಿದ. ಅವನ ನೌಕರಿ, ನನ್ನ ನೌಕರಿ, ಎರಡೂ ಆ ಉತ್ತರದ ಮೇಲೆ ನಿಂತಿದ್ದವು. "ಹೇಳಿದರೂ ಹಾಕಿಕೊಳ್ಳಲಿಲ್ಲ" ಎಂದು ಬರೆದುಕೊಟ್ಟೆ. ಯಾರೂ ಮರುಪ್ರಶ್ನೆ ಹಾಕಲಿಲ್ಲ. ನಮ್ಮ ಜನ ಹಾಕಿಕೊಳ್ಳುವುದಿಲ್ಲವೆಂಬುದು ಎಲ್ಲರಿಗೂ ಗೊತ್ತೇ ಇತ್ತು. ಸತ್ತವಳ ಮಾತನ್ನು ಹೀಗೆ ತಿರುಚಿ ಬರೆದೆನಲ್ಲ, ಅದಕ್ಕಿಂತ ಹೇಸಿಗೆಯ ಕೆಲಸವನ್ನು ನಾನು ಬದುಕಿನಲ್ಲಿ ಮಾಡಿಲ್ಲ.

ತಿಂಗಳ ಮೇಲೆ ಮನಸ್ಸು ತಡೆಯದೆ ಸಾಲಹಳ್ಳಿಗೆ ಹೋದೆ. ನಿಜ ಹೇಳಿಬಿಡಬೇಕೆಂದೇ ಹೋದದ್ದು. ಸತ್ತವಳ ಗಂಡ ಜಮಖಾನೆ ಹಾಸಿ ಕೂರಿಸಿ, ಚಹಾ ತರಿಸಿ, ನನ್ನನ್ನೇ ಸಮಾಧಾನ ಮಾಡತೊಡಗಿದ.

"ನೀವ್ಯಾಕ ಮನಸಿಗೆ ಹಚ್ಕೋತೀರಿ ಸರ? ನೀವು ಹೇಳೂದ ಹೇಳೀರಿ. ಆಕಿ ಮದಲಿಂದೂ ಹಟಮಾರಿ. ತನ್ನ ಹಟಕ್ಕ ತಾನ ಹ್ವಾದ್ಲು." ಹೆಂಡತಿಯ ಮೇಲಿನ ಸಿಟ್ಟಿಗೆ ಅವನು ಚಹಾದ ಬಟ್ಟಲನ್ನು ನೆಲಕ್ಕೆ ಕುಕ್ಕಿದ.

ಮಗಳು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಯಪ್ಪಾ, ಅವ್ವ ಬೆಲ್ಟ್ ಕೇಳಿದ್ಲು" ಎಂದಳು.

"ಅವಾಗ ನಿನಗ ಎಚ್ಚರ ಎಲ್ಲಿತ್ತು, ಮಗಳ?" ಎಂದು ಅವನು ನನ್ನ ಕಡೆ ತಿರುಗಿದ. "ಆಕಿಗೆ ಎಚ್ಚರ ಇರ್ಲಿಲ್ಲ, ಹೌದಲ್ರಿ ಸರ?"

"ಹೌದ್ರಿ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. ಕೂಸು ಅಳತೊಡಗಿತು, ಒಳಗೆ ಹೋದಳು. ನಾನು ಚಹಾ ಕುಡಿದು ಬಸ್ಸಿಗೆ ಬಂದೆ.